ಕುಂಯ್ ಕುಂಯ್ ನಿಲ್ಲುತ್ತಿಲ್ಲ: ನಾಯಿಮರಿ ಬಗ್ಗೆ ಓದುಗರ ಪ್ರಶ್ನೆಗಳು

ಮಳೆ ಹಿಡಿದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರಿನವು: ಹೊಸ ಮರಿ ಅಳುತ್ತದೆ, ನಿದ್ದೆ ಇಲ್ಲ, ನೆರೆಮನೆಯವರು ಬೈಯುತ್ತಾರೆ. ಆದರೆ ಎಲ್ಲ ಮರಿಗಳೂ ಒಂದೇ ಕಾರಣಕ್ಕೆ ಅಳುವುದಿಲ್ಲ. ಯಾವ ಅಳು ಎಂದು ತಿಳಿಯದೆ ತರಬೇತಿಗೆ ಇಳಿದರೆ ಮರಿಗೂ ಮನೆಯವರಿಗೂ ತಾಪತ್ರಯ. ಆಯ್ದ ಪತ್ರಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ಮೂಡುಬಿದಿರೆಯಿಂದ 45 ದಿನದ ಲ್ಯಾಬ್ರಡಾರ್ ಮರಿ ತಂದು ಒಂದು ವಾರ ಆಯಿತು. ಹಗಲು ಆರಾಮಾಗಿರುತ್ತದೆ. ರಾತ್ರಿ ಲೈಟ್ ಆಫ್ ಮಾಡಿದ ಕೂಡಲೇ ಚಾವಡಿಯಲ್ಲಿ ಕುಂಯ್‌ಗುಟ್ಟಲು ಶುರು, ಬೆಳಗಿನ ಜಾವದವರೆಗೂ ಬಿಡುವುದಿಲ್ಲ. ಮಾವ ‘ಅಳಲಿ ಬಿಡಿ, ತಾನೇ ಸುಮ್ಮನಾಗುತ್ತದೆ’ ಅನ್ನುತ್ತಾರೆ. ಅತ್ತೆ ಎದ್ದು ಹೋಗಿ ಎತ್ತಿಕೊಳ್ಳುತ್ತಾರೆ. ಯಾರು ಹೇಳುವುದು ಸರಿ?
– ಓದುಗರು, ಸುರತ್ಕಲ್

ಉತ್ತರ: ಒಬ್ಬರು ಬಿಡುವುದು, ಇನ್ನೊಬ್ಬರು ಎತ್ತುವುದು, ಇದೇ ನಿಮ್ಮ ಮನೆಯ ತೊಂದರೆ. ಒಂದು ಗಂಟೆ ಅತ್ತ ಮೇಲೆ ಅತ್ತೆ ಬಂದರೆ ಮರಿ ಕಲಿಯುವ ಪಾಠ ಇಷ್ಟೇ: ಒಂದು ಗಂಟೆ ಅಳಬೇಕು. ನಾಳೆ ಅದು ಒಂದು ಗಂಟೆಗೆ ಮೊದಲು ಬಿಡುವುದಿಲ್ಲ.

ಹಾಗೆಂದು ಮಾವನ ಮಾತಿನಂತೆ ಚಾವಡಿಯಲ್ಲಿ ಒಂಟಿಯಾಗಿ ಬಿಡುವುದೂ ಬೇಡ. 45 ದಿನ ಎಂದರೆ ಆರೂವರೆ ವಾರ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂದು ನಾಯಿ ತಳಿ ಸಾಕಣೆ ಮತ್ತು ಮಾರಾಟದ ಬಗ್ಗೆ 2017ರಲ್ಲಿ ಬಂದ ಕೇಂದ್ರದ ನಿಯಮ ಹೇಳುತ್ತದೆ. ನಮ್ಮಲ್ಲಿ ‘45 ದಿನ ಆಯಿತು, ಕೊಂಡುಹೋಗಿ’ ಎನ್ನುವ ರೂಢಿ ಮಾತ್ರ ಹೋಗಿಲ್ಲ. ಮೊನ್ನೆ ಮೊನ್ನೆವರೆಗೆ ಅದು ತಾಯಿಯ ಹೊಟ್ಟೆಗೆ ಒತ್ತಿಕೊಂಡು, ಅಣ್ಣತಮ್ಮಂದಿರ ಮೇಲೆ ಬಿದ್ದುಕೊಂಡು ಮಲಗುತ್ತಿತ್ತು. ಈಗ ತಣ್ಣನೆಯ ಟೈಲ್ಸ್, ಕತ್ತಲೆ, ಹೊರಗೆ ಮಳೆ. ಈ ವಯಸ್ಸಿನ ಅಳು ಹಟದ್ದಲ್ಲ, ‘ನೀವೆಲ್ಲಿ’ ಎಂದು ಕೂಗುವುದು.

ಮೊದಲು ಹಾಸಿಗೆ. ಸುಮಾರು ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲದ ಗಟ್ಟಿ ರಟ್ಟಿನ ಪೆಟ್ಟಿಗೆ ಸಾಕು. ಮರಿ ನಿಲ್ಲಬೇಕು, ತಿರುಗಬೇಕು, ಕಾಲು ಚಾಚಬೇಕು, ಅದಕ್ಕಿಂತ ಹೆಚ್ಚು ಜಾಗ ಬೇಡ. ವಾಷಿಂಗ್ ಮೆಷಿನ್ ಬಂದ ಪೆಟ್ಟಿಗೆಯಂಥದ್ದು ಕೊಟ್ಟರೆ ಒಂದು ಮೂಲೆಯಲ್ಲಿ ಮಲಗಿ ಇನ್ನೊಂದು ಮೂಲೆಯಲ್ಲಿ ಉಚ್ಚೆ ಹೊಯ್ಯುತ್ತದೆ. ಒಳಗೆ ಹಳೆಯ ಹತ್ತಿ ಸೀರೆಯನ್ನೋ ಲುಂಗಿಯನ್ನೋ ನಾಲ್ಕು ಮಡಿಕೆ ಮಾಡಿ ಹಾಸಿ. ಮಳೆಗಾಲದಲ್ಲಿ ಗೋಣಿ ಬೇಡ, ತೇವ ಎಳೆದುಕೊಂಡು ಬೂಸ್ಟು ಹಿಡಿದು ಮರಿಯ ಹೊಟ್ಟೆಯ ಚರ್ಮದಲ್ಲಿ ತುರಿಕೆ ಏಳುತ್ತದೆ. ಒಂದು ಲೀಟರ್ ಬಾಟಲಿಗೆ ಬೆಚ್ಚಗಿನ ನೀರು ತುಂಬಿ, ಮುಚ್ಚಳ ಬಿಗಿ ಮಾಡಿ, ಬೈರಾಸಿನಲ್ಲಿ ಸುತ್ತಿ ಪೆಟ್ಟಿಗೆಯ ಒಂದು ಬದಿಗೆ ಇಡಿ. ಕುದಿನೀರು ಹಾಕಬಾರದು. ಬದಿಗೆ ಇಡಿ ಎಂದದ್ದು ಯಾಕೆಂದರೆ, ಸೆಕೆಯಾದರೆ ಮರಿ ಅತ್ತ ಸರಿಯಲು ಜಾಗ ಇರಬೇಕು. ಮರಿ ತಂದ ಮನೆಯವರನ್ನು ಕೇಳಿ, ತಾಯಿ ಮಲಗಿದ ಬಟ್ಟೆಯ ಒಂದು ತುಂಡು ಸಿಕ್ಕಿದರೆ ತನ್ನಿ. ಒಗೆಯದೆ ಹಾಗೆಯೇ ಪೆಟ್ಟಿಗೆಯಲ್ಲಿ ಹಾಕಿ.

ಪೆಟ್ಟಿಗೆಯನ್ನು ನಿಮ್ಮ ಮಂಚದ ಪಕ್ಕ, ಕೈ ಇಳಿಬಿಟ್ಟರೆ ಮರಿಗೆ ತಾಗುವಷ್ಟು ಹತ್ತಿರ ಇಡಿ. ಒಂದು ವಾರ ಅಲ್ಲೇ ಇರಲಿ. ಬಳಿಕ ಎರಡು ರಾತ್ರಿಗೊಮ್ಮೆ ಒಂದೊಂದು ಮೊಳ ಬಾಗಿಲಿನ ಕಡೆಗೆ ಸರಿಸುತ್ತಾ ಹೋದರೆ ಮೂರು ನಾಲ್ಕು ವಾರದಲ್ಲಿ ಚಾವಡಿ ತಲುಪುತ್ತದೆ. ಸರಿಸಿದ ರಾತ್ರಿ ಅಳು ಜೋರಾದರೆ ಒಂದು ಮೊಳ ಹಿಂದೆ ತಂದು ಎರಡು ರಾತ್ರಿ ಕಾಯಿರಿ.

ಇನ್ನು ಮೂತ್ರ. ಎರಡು ತಿಂಗಳೊಳಗಿನ ಮರಿ ರಾತ್ರಿ ಎರಡೂವರೆ, ಮೂರು ಗಂಟೆಗಿಂತ ಹೆಚ್ಚು ತಡೆಯುವುದು ಕಷ್ಟ. ಕೊನೆಯ ಊಟ ಏಳೂವರೆಯೊಳಗೆ ಮುಗಿಯಲಿ. ನೀರು ಒಂಬತ್ತರವರೆಗೆ ಇರಲಿ. ನಮ್ಮ ಸೆಕೆಗೆ ಸಂಜೆಯಿಂದಲೇ ನೀರು ತೆಗೆದಿಡುವುದು ತಪ್ಪು. ಮಲಗುವ ಮೊದಲು, ಹನ್ನೊಂದಕ್ಕೆ, ಒಮ್ಮೆ ಹೊರಗೆ. ಆಮೇಲೆ ಒಂದೂವರೆಗೆ ಮತ್ತು ನಾಲ್ಕಕ್ಕೆ ಅಲಾರಂ ಇಡಿ. ಮರಿ ಅಳುವ ಮೊದಲೇ ನೀವೇ ಎಬ್ಬಿಸಿ ಕೊಂಡುಹೋಗಬೇಕು, ಗುಟ್ಟು ಇರುವುದೇ ಇಲ್ಲಿ. ಅತ್ತ ಮೇಲೆ ಹೊರಗೆ ಒಯ್ದರೆ ಅಳು ಬಾಗಿಲು ತೆರೆಯುವ ಚಾವಿಯಾಗುತ್ತದೆ. ಅಂಗಳದಲ್ಲಿ ನೆಲ ನೆನೆಯದ ಒಂದೇ ಜಾಗ, ಜಗಲಿಯ ಮಾಡಿನ ಕೆಳಗಾದರೂ ಸರಿ. ದೊಡ್ಡ ಲೈಟು ಬೇಡ, ಮಾತು ಬೇಡ, ಮುದ್ದು ಬೇಡ. ನಾಲ್ಕು ನಿಮಿಷ ಕಾದು, ಹೊಯ್ದ ಕೂಡಲೇ ಮೆಲ್ಲನೆ ‘ಜಾಣ’ ಎಂದು ಒಳಗೆ ತಂದು ಪೆಟ್ಟಿಗೆಗೆ ಬಿಡಿ. ಎರಡು ವಾರದ ನಂತರ ಅಲಾರಂ ಅರ್ಧ ಗಂಟೆ ಮುಂದಕ್ಕೆ ಹಾಕುತ್ತಾ ಹೋಗಿ.

ಹೊರಗೆ ಹೋಗಿ ಬಂದು ಇನ್ನೂ ಹತ್ತು ನಿಮಿಷ ಆಗಿಲ್ಲ, ಆಗಲೇ ಅಳು ಶುರುವಾದರೆ ಅದು ಮೂತ್ರದ್ದಲ್ಲ. ಎತ್ತಬೇಡಿ, ಬೈಯಬೇಡಿ, ಕೈ ಮಾತ್ರ ಇಳಿಬಿಡಿ. ಇದಕ್ಕೆ ಮನೆಮಂದಿಯೆಲ್ಲ ಒಪ್ಪಬೇಕು. ಮೂರನೆಯ ನಾಲ್ಕನೆಯ ರಾತ್ರಿ ಅಳು ಇದ್ದಕ್ಕಿದ್ದಂತೆ ಹೆಚ್ಚಾಗುವುದುಂಟು. ಹಳೆಯ ಉಪಾಯ ಫಲ ಕೊಡದಾಗ ಮರಿ ಅದನ್ನೇ ಇನ್ನೂ ಜೋರಾಗಿ ಮಾಡಿ ನೋಡುತ್ತದೆ. ಹೆಚ್ಚಿನ ಮನೆಗಳಲ್ಲಿ ಸೋಲುವುದು ಆ ರಾತ್ರಿಯೇ.

ಹೊಟ್ಟೆಯನ್ನೂ ನೋಡಿ. ಮರಿಗೆ ದನದ ಹಾಲು ಕೊಡುತ್ತಿದ್ದರೆ ನಿಲ್ಲಿಸಿ. ಅದರ ಸಕ್ಕರೆ ಅಂಶ ಜೀರ್ಣವಾಗದೆ ಹೊಟ್ಟೆ ಗುಡುಗುಡು ಎಂದು ಬೇಧಿಯಾಗುತ್ತದೆ, ಅದಕ್ಕೂ ಅಳುತ್ತದೆ. ಬರೇ ಕುಚ್ಚಲು ಗಂಜಿಯಲ್ಲಿ ಬೆಳೆಯುವ ಮರಿಗೆ ಬೇಕಾದ ಪ್ರೊಟೀನ್ ಇಲ್ಲ. ಬೆಚ್ಚಗಿನ ನೀರಲ್ಲಿ ನೆನೆಸಿದ ಮರಿಗಳ ಆಹಾರ ದಿನಕ್ಕೆ ನಾಲ್ಕು ಸಲ ಕೊಡಿ. ಮನೆಯ ಊಟವಾದರೆ ಮೆತ್ತಗಿನ ಅನ್ನಕ್ಕೆ ಬೇಯಿಸಿದ ಮೊಟ್ಟೆ, ಕೋಳಿ ಅಥವಾ ಮುಳ್ಳು ತೆಗೆದ ಮೀನು ಕಲಸಿ, ಉಪ್ಪು ಮಸಾಲೆ ಹಾಕದೆ. ಮೈ ಸಣಕಲು, ಹೊಟ್ಟೆ ಮಾತ್ರ ಡೋಲಿನಂತಿದ್ದರೆ ಹುಳ ಇರಬಹುದು. ಹುಳದ ಔಷಧ ಎಂಟು ವಾರದವರೆಗೆ ಎರಡು ವಾರಕ್ಕೊಮ್ಮೆ, ಬಳಿಕ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ಪ್ರಮಾಣ ಮರಿಯ ತೂಕದ ಮೇಲೆ ಹೋಗುತ್ತದೆ, ಡಾಕ್ಟರಲ್ಲಿ ತೂಗಿಸಿಯೇ ಕೊಡಿ.

ಪ್ರಶ್ನೆ: ನಾವು ಬಿಜೈಯಲ್ಲಿ ಮೂರನೇ ಮಾಳಿಗೆಯ ಫ್ಲಾಟಿನಲ್ಲಿದ್ದೇವೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಮೂರು ತಿಂಗಳ ಮರಿಯನ್ನು ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದೂವರೆವರೆಗೆ ಬಾಲ್ಕನಿಯಲ್ಲಿ ಬಿಟ್ಟು ಹೋಗುತ್ತೇವೆ. ಇಡೀ ದಿನ ಊಳಿಡುತ್ತದೆ ಎಂದು ಪಕ್ಕದವರು ಸೆಕ್ರೆಟರಿಗೆ ದೂರು ಕೊಟ್ಟಿದ್ದಾರೆ. ನಾಯಿ ಸಾಕಲೇಬಾರದು ಎನ್ನುತ್ತಿದ್ದಾರೆ.
– ಓದುಗರು, ಮಂಗಳೂರು

ಉತ್ತರ: ನೇರವಾಗಿ ಹೇಳುವುದಾದರೆ, ಎಂಟೂವರೆ ಗಂಟೆ ಒಂಟಿಯಾಗಿರಲು ಮೂರು ತಿಂಗಳ ಮರಿಗೆ ಯಾವ ತರಬೇತಿಯಿಂದಲೂ ಕಲಿಸಲಾಗದು. ಹಗಲಲ್ಲಿ ಅದು ಮೂತ್ರ ತಡೆಯುವುದೇ ಹೆಚ್ಚೆಂದರೆ ಮೂರು ನಾಲ್ಕು ಗಂಟೆ. ಮಧ್ಯಾಹ್ನ ಒಬ್ಬರು ಬರಲೇಬೇಕು. ಮನೆಕೆಲಸದವರಾಗಲಿ, ಕೆಳಗಿನ ಮಾಳಿಗೆಯ ಅಜ್ಜಿಯಾಗಲಿ, ಇಪ್ಪತ್ತು ನಿಮಿಷ ಸಾಕು: ಹೊರಗೆ ಒಯ್ದು ಮೂತ್ರ, ಊಟ, ಸ್ವಲ್ಪ ಆಟ. ಇದಕ್ಕೆ ದಾರಿ ಮಾಡಿಕೊಳ್ಳದೆ ಮುಂದಿನದ್ದು ಯಾವುದೂ ನಡೆಯುವುದಿಲ್ಲ.

ಬಾಲ್ಕನಿ ಬಿಡಿಸಿ. ಪಡುವಣಕ್ಕೆ ಮುಖ ಮಾಡಿದ್ದಾದರೆ ಮಧ್ಯಾಹ್ನದ ನಂತರ ಬಿಸಿಲು ನೇರ ಬೀಳುತ್ತದೆ, ಮಳೆಗಾಲದಲ್ಲಿ ಇರಚಲು ಹೊಡೆಯುತ್ತದೆ, ಗ್ರಿಲ್ಲಿನ ಸಂದಿಯಲ್ಲಿ ತಲೆ ಸಿಕ್ಕಿಕೊಳ್ಳುವ ಅಪಾಯ ಬೇರೆ. ಜೊತೆಗೆ ರಸ್ತೆಯ ಪ್ರತಿ ಸ್ಕೂಟರಿಗೂ ಕೂಗುವ ಅಭ್ಯಾಸ ಬೀಳುತ್ತದೆ. ಹಾಲಿನ ಒಂದು ಮೂಲೆಗೆ ನಾಲ್ಕಡಿಗೆ ನಾಲ್ಕಡಿ ಬೇಲಿ ಹಾಕಿ, ಒಳಗೆ ಹಾಸಿಗೆ, ಮಗುಚದ ನೀರಿನ ಪಾತ್ರೆ, ದೂರದ ಮೂಲೆಯಲ್ಲಿ ಪೇಪರು. ಕರೆಂಟು ಹೋಗಿ ಫ್ಯಾನು ನಿಂತರೂ ಗಾಳಿ ಆಡುವಂತೆ ಕಿಟಕಿ ತೆರೆದಿರಲಿ. ಆಕಾಶವಾಣಿಯನ್ನು ಸಣ್ಣ ದನಿಯಲ್ಲಿ ಹಾಕಿಟ್ಟರೆ ಲಿಫ್ಟಿನ, ಮೆಟ್ಟಿಲಿನ ಸದ್ದು ಅಷ್ಟಾಗಿ ಕೇಳಿಸದು.

ನೀವು ಇರುವಾಗಲೇ ಬೇಲಿಯೊಳಗೆ ಊಟ ಹಾಕಿ, ಅಲ್ಲೇ ನಿದ್ದೆ ಮಾಡಲಿ. ಅದು ಶಿಕ್ಷೆಯ ಜಾಗ ಎನಿಸಬಾರದು. ಮತ್ತೆ, ನೀವು ಹೊರಡುವ ಲಕ್ಷಣಗಳನ್ನು ಮರಿ ಆಗಲೇ ಕಲಿತಿದೆ. ಚಾವಿ ಸದ್ದು, ಬ್ಯಾಗಿನ ಜಿಪ್ಪು, ಶೂ. ದಿನಕ್ಕೆ ಹತ್ತು ಸಲ ಚಾವಿ ಎತ್ತಿಕೊಂಡು ಸೋಫಾದಲ್ಲಿ ಕೂತುಬಿಡಿ. ಶೂ ಹಾಕಿಕೊಂಡು ಅಡುಗೆಮನೆಗೆ ಹೋಗಿ. ನಾಲ್ಕೈದು ದಿನದಲ್ಲಿ ಮರಿ ತಲೆ ಎತ್ತುವುದನ್ನೂ ಬಿಡುತ್ತದೆ.

ಆಮೇಲೆ ಬಾಗಿಲು. ಹೊರಗೆ ಹೋಗಿ ಬಾಗಿಲು ಹಾಕಿ ಐದು ಸೆಕೆಂಡಿಗೆ ಬನ್ನಿ. ಆಮೇಲೆ ಹತ್ತು, ಮೂರು, ಇಪ್ಪತ್ತು, ಎಂಟು, ಮೂವತ್ತು. ಸಮಯ ಏರುತ್ತಲೇ ಹೋಗಬಾರದು, ನಡುನಡುವೆ ಸಣ್ಣದೂ ಬರಬೇಕು. ಇಲ್ಲವಾದರೆ ಪ್ರತಿ ಸಲ ಕಷ್ಟ ಹೆಚ್ಚುತ್ತದೆ ಎಂದೇ ಮರಿ ಎಣಿಸುತ್ತದೆ. ಬರುವಾಗ ಸಂಭ್ರಮ ಬೇಡ. ಒಂದು ಹೊತ್ತಿಗೆ ಹತ್ತು ನಿಮಿಷ, ದಿನಕ್ಕೆ ಎರಡು ಹೊತ್ತು. ಐದು ನಿಮಿಷ ದಾಟಿದ ಮೇಲೆ ಹೋಗುವಾಗ ತಿನ್ನಲು ಕೆಲಸ ಕೊಡಿ: ಹಳೆಯ ಬೈರಾಸು ಹರಡಿ, ಬೆಳಗಿನ ಊಟದ ಕಾಲು ಭಾಗ ಒಣ ಆಹಾರ ಚೆಲ್ಲಿ, ಚಾಪೆಯಂತೆ ಸುರುಳಿ ಸುತ್ತಿ ಒಂದು ಸಡಿಲ ಗಂಟು. ಬಟ್ಟೆಯನ್ನೇ ನುಂಗುವ ಮರಿಯಾದರೆ ಇದು ಬೇಡ, ಟೊಳ್ಳು ರಬ್ಬರ್ ಆಟಿಕೆಯಲ್ಲಿ ನೆನೆಸಿದ ಆಹಾರ ತುಂಬಿ ಫ್ರೀಜರಿನಲ್ಲಿ ಗಟ್ಟಿ ಮಾಡಿ ಕೊಡಿ.

ಹಳೆಯ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ನೋಡಿ. ನೀವು ಹೋದ ಮೊದಲ ಅರ್ಧ ಗಂಟೆ ಮುಖ್ಯ. ಐದು ನಿಮಿಷ ಕುಂಯ್‌ಗುಟ್ಟಿ, ಸುತ್ತು ಹಾಕಿ ಮಲಗಿದರೆ ದಾರಿ ಸರಿ ಇದೆ. ಜೊಲ್ಲು ಸುರಿಸುತ್ತಾ ಬಾಗಿಲು ಕೆರೆದು, ಕೊಟ್ಟ ತಿಂಡಿ ಮುಟ್ಟದೆ, ನಿಂತಲ್ಲೇ ಮೂತ್ರ ಮಾಡಿಕೊಂಡರೆ ಅದು ಭಯ. ಭಯದ ಮರಿಯನ್ನು ‘ಅತ್ತು ಸುಸ್ತಾಗಲಿ’ ಎಂದು ಬಿಟ್ಟರೆ ರೋಗ ಬಲಿಯುತ್ತದೆ. ಸೆಕೆಂಡುಗಳಿಗೆ ಮರಳಿ, ಡಾಕ್ಟರನ್ನೂ ಕಾಣಿ. ಮೊದಲ ಎರಡು ಮೂರು ವಾರ ಇಬ್ಬರೂ ರಜೆ, ಶಿಫ್ಟು ಹೊಂದಿಸಿಕೊಂಡರೆ ಅರ್ಧ ಕೆಲಸ ಆದಂತೆ.

ದೂರಿನ ವಿಷಯ: ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿಯಂತೆ ಫ್ಲಾಟಿನ ಸಂಘಗಳು ನಾಯಿ ಸಾಕುವುದನ್ನೇ ನಿಷೇಧಿಸುವಂತಿಲ್ಲ. ಆದರೆ ಆ ಕಾಗದ ಹಿಡಿದು ಜಗಳಕ್ಕೆ ಹೋಗುವುದಕ್ಕಿಂತ, ಪಕ್ಕದವರ ಮನೆಗೆ ಹೋಗಿ ‘ಹೀಗೆ ಹೀಗೆ ಮಾಡುತ್ತಿದ್ದೇವೆ, ಒಂದು ತಿಂಗಳು ಸಹಿಸಿಕೊಳ್ಳಿ’ ಎನ್ನುವುದು ಮೇಲು. ಎಂಟು ಗಂಟೆ ಊಳು ಕೇಳುವುದು ಯಾರಿಗೂ ಸುಲಭವಲ್ಲ.

ಪ್ರಶ್ನೆ: ಊಟಕ್ಕೆ ಕೂತರೆ ಐದು ತಿಂಗಳ ನಮ್ಮ ‘ಬೊಳ್ಳು’ ಕಾಲ ಬುಡದಲ್ಲಿ ಕೂತು ಒಂದೇ ಸಮನೆ ಕುಂಯ್‌ಗುಟ್ಟುತ್ತಾನೆ. ಬಂಗುಡೆ ಸಾರು ಇದ್ದ ದಿನ ಕೇಳುವುದೇ ಬೇಡ. ನಾವ್ಯಾರೂ ಕೊಡುವುದಿಲ್ಲ, ಅಜ್ಜ ಮಾತ್ರ ಯಾವಾಗಲಾದರೊಮ್ಮೆ ಒಂದು ತುಂಡು ಹಾಕುತ್ತಾರೆ.
– ಓದುಗರು, ಕಾಪು

ಉತ್ತರ: ದಿನಾ ಕೊಟ್ಟಿದ್ದರೆ ಬಿಡಿಸುವುದು ಸುಲಭವಿತ್ತು! ಯಾವಾಗಲಾದರೊಮ್ಮೆ ಸಿಗುವುದಕ್ಕೆ ಬೊಳ್ಳು ಹೆಚ್ಚು ಹೊತ್ತು ಕಾಯುತ್ತಾನೆ, ಲಾಟರಿ ಹುಚ್ಚು ಹಿಡಿದವರಂತೆ. ಅಜ್ಜನಿಗೆ ‘ಕೊಡಬೇಡಿ’ ಎಂದರೆ ಕದ್ದು ಕೊಡುತ್ತಾರೆ. ಅದರ ಬದಲು ಕೊಡುವ ಜಾಗ ಬದಲಿಸಿ.

ಮೇಜಿನಿಂದ ಆರಡಿ ದೂರ ಒಂದು ಚಾಪೆ ತುಂಡು ಹಾಕಿ. ಮನೆಯವರ ಊಟಕ್ಕೆ ಅರ್ಧ ಗಂಟೆ ಮೊದಲು ಅವನ ಊಟ ಮುಗಿದಿರಲಿ. ಬೇಯಿಸಿದ ಕೋಳಿಯನ್ನು ಕಡಲೆಕಾಳಿನ ಗಾತ್ರಕ್ಕೆ ಹರಿದು ಇಪ್ಪತ್ತು ಮೂವತ್ತು ತುಂಡು ಬಟ್ಟಲಲ್ಲಿ ಇಟ್ಟುಕೊಳ್ಳಿ. ಊಟದ ಹೊತ್ತಲ್ಲದ ಹೊತ್ತಿನಲ್ಲಿ ಶುರು ಮಾಡಿ. ನಾಲ್ಕು ಕಾಲೂ ಚಾಪೆಯ ಮೇಲಿದ್ದು ಬಾಯಿ ಮುಚ್ಚಿದ್ದರೆ, ಮುಚ್ಚಿದ ಒಂದು ಸೆಕೆಂಡಿನೊಳಗೆ ಒಂದು ತುಂಡು ಚಾಪೆಯ ಮೇಲೆ ಬೀಳಬೇಕು. ತಡವಾದರೆ, ಅಷ್ಟರಲ್ಲಿ ಅವನು ಮತ್ತೆ ಕುಂಯ್ ಎಂದಿರುತ್ತಾನೆ, ನೀವು ಅದಕ್ಕೇ ಸಂಬಳ ಕೊಟ್ಟಂತಾಯಿತು. ಮೊದಲು ಎರಡು ಸೆಕೆಂಡ್ ಸುಮ್ಮನಿದ್ದರೆ ಒಂದು, ಬಳಿಕ ಐದು, ಹತ್ತು, ಇಪ್ಪತ್ತು. ನಡುವೆ ಕುಂಯ್‌ಗುಟ್ಟಿದರೆ ಏನೂ ಹೇಳದೆ ಮುಖ ತಿರುಗಿಸಿ, ಎಣಿಕೆ ಒಂದರಿಂದ. ‘ಏಯ್, ಸುಮ್ಮನಿರೋ’ ಎನ್ನುವುದೂ ಅವನ ಲೆಕ್ಕದಲ್ಲಿ ಮಾತುಕತೆಯೇ. ಒಂದು ನಿಮಿಷ ಸುಮ್ಮನಿರಲು ಕಲಿತ ಮೇಲೆ ಮಾತ್ರ ನಿಜವಾದ ಊಟದ ಹೊತ್ತಿಗೆ ಬನ್ನಿ. ಮೊದಲ ಕೆಲವು ದಿನ ಅಜ್ಜನೇ ಆ ಬಟ್ಟಲು ಹಿಡಿದು ಕೂರಲಿ, ಅವರಿಗೂ ಸಂತೋಷ.

ಮೀನು ಕೊಡುವುದಾದರೆ ಮಸಾಲೆ ಹಾಕುವ ಮೊದಲು ತೆಗೆದಿಟ್ಟು, ಬೇಯಿಸಿ, ಮುಳ್ಳು ಆಯ್ದು ಕೊಡಿ. ಸಾರಿನ ನೀರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳಿಗೆ ಹಾನಿ ಮಾಡುತ್ತವೆ. ಹಸಿ ಬೂತಾಯಿಯೂ ಒಳ್ಳೆಯದಲ್ಲ, ಅದರಲ್ಲಿ ಬಿ1 ಜೀವಸತ್ವವನ್ನು ಹಾಳು ಮಾಡುವ ಅಂಶವಿದೆ. ಬೇಯಿಸಿದರೆ ಅದು ಹೋಗುತ್ತದೆ.

ಪ್ರಶ್ನೆ: ತೋಟ ಕಾಯಲೆಂದು ಎರಡೂವರೆ ತಿಂಗಳ ಊರಿನ ನಾಯಿಮರಿಯನ್ನು ಹಟ್ಟಿಯ ಬದಿ ಸಂಕೋಲೆ ಹಾಕಿ ಕಟ್ಟಿದ್ದೇವೆ. ಹಗಲು ರಾತ್ರಿ ಅಳುತ್ತದೆ. ಕಾವಲು ನಾಯಿ ಮೆತ್ತಗಾಗಬಾರದು ಎಂದು ಒಳಗೆ ಬಿಡುವುದಿಲ್ಲ.
– ಓದುಗರು, ಕಾರ್ಕಳ

ಉತ್ತರ: ಮೊದಲು ಸಂಕೋಲೆ ಬಿಚ್ಚಿ. ಯಾವಾಗಲೂ ಕಟ್ಟಿಹಾಕಿದ ಮರಿ ಕಾವಲು ಕಲಿಯುವುದಿಲ್ಲ. ಕಾಗೆಗೂ ಕರುವಿಗೂ ಒಂದೇ ರೀತಿ ಬೊಗಳುವುದನ್ನು ಕಲಿಯುತ್ತದೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ 1960ರ 11ನೇ ಸೆಕ್ಷನಿನಲ್ಲಿ, ತೀರಾ ಗಿಡ್ಡ ಇಲ್ಲವೇ ಭಾರದ ಸರಪಳಿಯಲ್ಲಿ ವಿಪರೀತ ಹೊತ್ತು ಕಟ್ಟಿಡುವುದು, ಕಟ್ಟಿಯೇ ಸಾಕುವ ನಾಯಿಯನ್ನು ಅಡ್ಡಾಡಿಸದಿರುವುದು ಎರಡೂ ಅಪರಾಧ. ಮನೆಯವರ ಹಿಂದೆ ಮುಂದೆ ಓಡಾಡಿ, ಬರುವವರು ಹೋಗುವವರು ಯಾರೆಂದು ತಿಳಿದ ನಾಯಿಯೇ ಒಂದು ವರ್ಷದ ಮೇಲೆ ಅಪರಿಚಿತರನ್ನು ಗುರುತಿಸುವುದು.

ಜಗಲಿಯ ಮೂಲೆಯಲ್ಲಿ ನೆಲದಿಂದ ನಾಲ್ಕು ಬೆರಳು ಎತ್ತರಕ್ಕೆ ಹಲಗೆ ಇಟ್ಟು ಒಣ ಬಟ್ಟೆ ಹಾಸಿ. ಹಟ್ಟಿಯ ಬದಿ ಬೇಡ ಎನ್ನಲು ಇನ್ನೊಂದು ಕಾರಣ ಉಣುಗು. ಕಿವಿಯ ಒಳಬದಿ, ಬೆರಳಸಂದಿ, ಕುತ್ತಿಗೆಯ ಪಟ್ಟಿಯ ಅಡಿ ದಿನಾ ಸಂಜೆ ತಡವಿ ನೋಡಿ. ಉಣುಗಿನಿಂದ ಬರುವ ಜ್ವರದಲ್ಲಿ ಮರಿಯ ವಸಡು ಬಿಳಿಚಿಕೊಂಡು ಮಂಕಾಗುತ್ತದೆ. ಉಣುಗಿಗೆಂದು ದನಕ್ಕೆ ತಂದ ಔಷಧವನ್ನು ಮರಿಗೆ ಹಚ್ಚಬೇಡಿ. ಅಂಗಳದಲ್ಲಿ ಬಿದ್ದ ಅಡಿಕೆ ಕಚ್ಚಲು ಬಿಡಬಾರದು, ಜೊಲ್ಲು ಸುರಿದು ವಾಂತಿ ಬೇಧಿಯಾಗುತ್ತದೆ.

ಪ್ರಶ್ನೆ: ನಾಲ್ಕೂವರೆ ತಿಂಗಳ ಮರಿ. ಅಳು ಬಿಟ್ಟಿತ್ತು, ಈಗ ಮತ್ತೆ ಶುರು. ಚಪ್ಪಲಿ, ಕುರ್ಚಿ ಕಾಲು ಎಲ್ಲ ಕಡಿಯುತ್ತದೆ.
– ಓದುಗರು, ಬ್ರಹ್ಮಾವರ

ಉತ್ತರ: ಹಾಲುಹಲ್ಲು ಬೀಳುವ ಕಾಲ. 28 ಹಾಲುಹಲ್ಲು ಬಿದ್ದು 42 ಹೊಸ ಹಲ್ಲು ಬರುವಷ್ಟರಲ್ಲಿ ಆರೇಳು ತಿಂಗಳು ತುಂಬುತ್ತದೆ. ಒದ್ದೆ ಮಾಡಿದ ಹತ್ತಿ ಬಟ್ಟೆ ಹಿಂಡಿ ಗಂಟು ಹಾಕಿ, ಫ್ರೀಜರಿನಲ್ಲಿ ಒಂದು ಗಂಟೆ ಇಟ್ಟು ಕೊಡಿ, ನಿಮ್ಮ ಕಣ್ಣೆದುರು. ಬೇಯಿಸಿದ ಕೋಳಿ ಎಲುಬು ಬೇಡವೇ ಬೇಡ, ಸೀಳಿ ಚೂಪಾಗುತ್ತದೆ. ಹೊಸ ಕೋರೆಹಲ್ಲು ಬಂದರೂ ಹಳೆಯದು ಪಕ್ಕದಲ್ಲೇ ನಿಂತಿದ್ದರೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಹತ್ತು ವಾರದ ಮರಿ ನಿನ್ನೆಯಿಂದ ಮೂಲೆಯಲ್ಲಿ ಬಿದ್ದು ಸಣ್ಣಗೆ ನರಳುತ್ತಿದೆ, ಎರಡು ಸಲ ವಾಂತಿ. ಚುಚ್ಚುಮದ್ದು ಹಾಕಿಸಿಲ್ಲ. ಮನೆಮದ್ದು ಇದೆಯೇ?
– ಓದುಗರು, ಬಂಟ್ವಾಳ

ಉತ್ತರ: ಇಲ್ಲ. ಈ ಪತ್ರಕ್ಕೆ ಬೇರೆಯಾಗಿಯೂ ಉತ್ತರ ಕಳಿಸಿದ್ದೇವೆ. ಇಂಥ ಲಕ್ಷಣ ಕಂಡವರು ಪತ್ರಿಕೆಗೆ ಬರೆದು ಕಾಯಬಾರದು. ಇದು ಪಾರ್ವೊ, ಅಂದರೆ ಮರಿಗಳ ಕರುಳಿಗೆ ತಗಲುವ ವೈರಸ್ ರೋಗ ಇರಬಹುದು, ರಕ್ತಬೇಧಿ ಶುರುವಾದರೆ ಮರಿ ಒಂದೆರಡು ದಿನದಲ್ಲೇ ಹೋಗಬಹುದು. ಅದೇ ದಿನ ಪಶು ಆಸ್ಪತ್ರೆಗೆ ಒಯ್ಯಿರಿ. ನಾಯಿಯ ಸಹಜ ಉಷ್ಣ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್; ಮೈ ಬಿಸಿ ಇದೆ ಎಂದು ಮನುಷ್ಯರ ಜ್ವರದ ಮಾತ್ರೆ, ಪ್ಯಾರಸಿಟಮಾಲ್, ಐಬುಪ್ರೊಫೆನ್ ಕೊಟ್ಟರೆ ವಿಷವಾಗುತ್ತದೆ. ಪಾರ್ವೊ ಎಂದು ಖಚಿತವಾದರೆ ಮರಿ ಮಲಗಿದ ನೆಲವನ್ನು ಮೊದಲು ಸೋಪು ಹಾಕಿ ತೊಳೆದು, ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ಒದ್ದೆಯಾಗಿ ಬಿಡಿ. ಬರೇ ಫಿನಾಯಿಲು ನಂಬಬೇಡಿ. ಮಣ್ಣಿನಲ್ಲಿ ಆ ವೈರಸ್ ತಿಂಗಳುಗಟ್ಟಲೆ ಉಳಿಯುತ್ತದೆ, ಲಸಿಕೆ ಪೂರ್ತಿಯಾಗದ ಇನ್ನೊಂದು ಮರಿಯನ್ನು ಆ ಅಂಗಳಕ್ಕೆ ತರಬೇಡಿ. ಪಾರ್ವೊ ಸೇರಿದ ಚುಚ್ಚುಮದ್ದು ಆರರಿಂದ ಎಂಟು ವಾರದೊಳಗೆ ಶುರುವಾಗಿ, ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೆ. ಹುಚ್ಚುನಾಯಿ ರೋಗದ್ದು ಮೂರು ತಿಂಗಳಿಗೆ.

ಪ್ರಶ್ನೆ: ಗುಡುಗು ಬಂದರೆ ಮಂಚದಡಿ ಹೋಗಿ ಕುಂಯ್‌ಗುಟ್ಟುತ್ತದೆ. ಸಮಾಧಾನ ಮಾಡಿದರೆ ಹೆದರಿಕೆ ಹೆಚ್ಚಾಗುತ್ತದೆಯಂತೆ, ಹೌದೇ?
– ಓದುಗರು, ಕುಂದಾಪುರ

ಉತ್ತರ: ಅಲ್ಲ. ಬೇಡಿಕೆಯ ಅಳುವಿಗೆ ಹೇಳಿದ್ದನ್ನು ಹೆದರಿಕೆಗೆ ಹೇಳಬಾರದು. ಪಕ್ಕದಲ್ಲಿ ಕೂತು ಮೈ ಸವರಿ, ಮಂಚದಡಿಯೇ ಇರುತ್ತೇನೆಂದರೆ ಇರಲಿ, ಎಳೆದು ತರಬೇಡಿ. ಕಿಟಕಿ ಹಾಕಿ, ಫ್ಯಾನು ಜೋರು ಮಾಡಿ. ಮಳೆ ಇಲ್ಲದ ದಿನಗಳಲ್ಲಿ ಮೊಬೈಲಿನಲ್ಲಿ ಗುಡುಗಿನ ಸದ್ದನ್ನು ಕೇಳಿಯೂ ಕೇಳದಷ್ಟು ಸಣ್ಣಗೆ ಹಾಕಿ ಊಟ ಕೊಡಿ, ವಾರಕ್ಕೊಂದಿಷ್ಟು ದನಿ ಏರಿಸಿ; ಮರಿ ತಿನ್ನುವುದನ್ನು ನಿಲ್ಲಿಸಿತೆಂದರೆ ಏರಿಸಿದ್ದು ಹೆಚ್ಚಾಯಿತು. ವಿಟ್ಲಪಿಂಡಿಯ ಗದ್ದಲ, ದೀಪಾವಳಿಯ ಪಟಾಕಿಗೆ ಈಗಿಂದಲೇ ಇದೇ ಅಭ್ಯಾಸ ಮಾಡಿಸಬಹುದು. ಪಟಾಕಿಯ ದಿನಗಳಲ್ಲಿ ಕತ್ತಲಾಗುವ ಮೊದಲೇ ಹೊರಗಿನ ಕೆಲಸ ಮುಗಿಸಿ ಗೇಟು ಹಾಕಿ, ಕುತ್ತಿಗೆಯ ಪಟ್ಟಿಯಲ್ಲಿ ನಿಮ್ಮ ಫೋನ್ ನಂಬರು ಬರೆದಿಡಿ.